ಮಣ್ಣು ತೆಗೆಯಿರಿ, ಕಿಲುಬು ಬಿಡಿ: ಹಳೇ ತಾಮ್ರದ ಕಾಸು ಶುಚಿ ಮಾಡುವ ಬಗೆ

ಟಿಪ್ಪುವಿನ ಕಾಲದ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ. ನಾಣ್ಯದ ಹವ್ಯಾಸ ಹಿಡಿದವರ ಕೈಗೆ ಮೊದಮೊದಲು ಬರುವುದು ಇಂಥ ತಾಮ್ರದವೇ, ಅದೂ ಮಣ್ಣು ಮೆತ್ತಿಕೊಂಡು. ಹುಣಸೆಹಣ್ಣು ಹಚ್ಚಿ ಚೊಂಬಿನ ಹಾಗೆ ಬೆಳಗೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನೆಲದಲ್ಲಿ ಬಹುಕಾಲ ಇದ್ದ ತಾಮ್ರದ ಮೇಲ್ಮೈಯೇ ಕಿಲುಬಾಗಿರುತ್ತದೆ. ಆನೆಯ ಸೊಂಡಿಲು, ಅಕ್ಷರದ ಅಂಚು ಉಳಿದಿರುವುದು ಆ ಗಟ್ಟಿ ಪದರದಲ್ಲೇ. ಹುಣಸೆ, ನಿಂಬೆ, ವಿನೆಗರ್ ಯಾವುದರ ಹುಳಿಯಾದರೂ ಅದನ್ನು ಕರಗಿಸುತ್ತದೆ. ಕೊನೆಗೆ ಸಿಗುವುದು ಗುಳಿಬಿದ್ದ, ಗುಲಾಬಿ ಬಣ್ಣದ ಬರೀ ಬಿಲ್ಲೆ.

ಹೊಲದಲ್ಲೋ ಪಾಯ ತೋಡುವಾಗಲೋ ಸಿಕ್ಕಿದ್ದಾದರೆ ತೊಳೆಯಲೇ ಬೇಡಿ. ಅದು ನಿಧಿ ಕಾಯ್ದೆಗೆ ಸೇರಿದ ವಿಷಯ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಂದೆ ಹೇಳುವುದೆಲ್ಲ ಕೊಂಡ ಅಥವಾ ಮನೆಯಲ್ಲೇ ಇದ್ದ ತಾಮ್ರದ ನಾಣ್ಯಕ್ಕೆ. ಚಂದ್ರವಳ್ಳಿಯಲ್ಲಿ ಸಿಕ್ಕಂಥ ಸೀಸದ ನಾಣ್ಯಕ್ಕೆ ಈ ಕ್ರಮ ಸಲ್ಲ. ಇದರಲ್ಲಿ ಬಳಸುವ ಡಿಸ್ಟಿಲ್ಡ್ ವಾಟರ್ ಸೀಸವನ್ನೇ ತಿನ್ನುತ್ತದೆ.

ಮೊದಲು ತೂಗಿ, ಎರಡೂ ಮುಖದ ಫೋಟೊ ತೆಗೆದಿಡಿ. ಟಿಪ್ಪುವಿನ ಒಂದು ಪೈಸೆ ಸುಮಾರು 11 ಗ್ರಾಂ. ಮಣ್ಣಿನ ಉಂಡೆಯೊಳಗೆ ಏನಿರಬಹುದೆಂಬ ಅಂದಾಜಿಗೆ ತೂಕ ನೆರವಾಗುತ್ತದೆ. ಬಳಿಕ ಒಂದು ಗಾಜಿನ ಲೋಟಕ್ಕೆ ಒಂದೇ ನಾಣ್ಯ ಹಾಕಿ, ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹುಯ್ಯಿರಿ. ಬೋರ್‌ವೆಲ್ ನೀರಾಗಲಿ ನಲ್ಲಿ ನೀರಾಗಲಿ ಬೇಡ, ಅದರಲ್ಲಿರುವ ಕ್ಲೋರೈಡ್ ತಾಮ್ರದ ಶತ್ರು. ದಿನಕ್ಕೊಮ್ಮೆ ನೀರು ಬದಲಿಸಿ. ಒಂದು ವಾರ, ಹತ್ತು ದಿನ, ಕೆಲವಕ್ಕೆ ತಿಂಗಳೂ ಹಿಡಿಯುತ್ತದೆ.

ಮಣ್ಣು ಹಸಿಯಾಗಿದ್ದಾಗಲೇ ಕೈಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮೆತ್ತನೆಯ ಟೂತ್‌ಬ್ರಷ್, ಚೂಪು ಮಾಡಿದ ಬಿದಿರು ಕಡ್ಡಿ, ಒಂದಿಷ್ಟು ಜಾಲಿ ಮುಳ್ಳು ಸಾಕು. ಗುಂಡುಸೂಜಿ, ತಂತಿ ಬ್ರಷ್ ಹತ್ತಿರವೂ ಸುಳಿಯಬಾರದು. ಮೊದಲು ಬಯಲು ಭಾಗ ಬಿಡಿಸಿಕೊಂಡು, ಚಿತ್ರದ ಹತ್ತಿರ ನಿಧಾನವಾಗಿ ಬನ್ನಿ. ಮುಳ್ಳನ್ನು ಓರೆಯಾಗಿ ಹಿಡಿದು ಮಣ್ಣನ್ನು ಪಕ್ಕಕ್ಕೆ ತಳ್ಳಿ, ಕೆರೆಯಬೇಡಿ. ಮಣ್ಣು ಕಂದು ಹುಡಿಯಾಗಿ ಏಳುತ್ತದೆ. ಕಿಲುಬು ಮುಳ್ಳಿಗೆ ಜಗ್ಗದೆ ಮಂದವಾಗಿ ಮಿನುಗುತ್ತದೆ. ಆನೆಯ ಕಾಲುಗಳ ಸಂದಿಯಲ್ಲಿ ಮಣ್ಣು ಕೊನೆಯವರೆಗೂ ಕೂತಿರುತ್ತದೆ. ಅಲ್ಲಿ ಆತುರಪಟ್ಟರೆ ಕಾಲೇ ಕಿತ್ತುಬರುತ್ತದೆ. ಹಸಿರು ಚಕ್ಕೆ ಎದ್ದರೆ, ಕೆಂಪು ತಾಮ್ರ ಇಣುಕಿದರೆ ನಿಲ್ಲಿಸಿ, ಮತ್ತೆ ನೀರಿಗೆ ಹಾಕಿ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವವರಿದ್ದಾರೆ. ಅದರ ಆಮ್ಲ ಮೆಲ್ಲಗೆ ಕಿಲುಬನ್ನೂ ತಿನ್ನುವುದರಿಂದ ನಮ್ಮ ಒಪ್ಪಿಗೆಯಿಲ್ಲ.

ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಅದು ಬೇರೆಯೇ ಕಿಲುಬು, ನಾಣ್ಯದ ರೋಗ. ಒಳಗಿನ ತಾಮ್ರದ ಕ್ಲೋರೈಡ್ ಗಾಳಿಯ ತೇವ, ಆಮ್ಲಜನಕದೊಂದಿಗೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿಸುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರ ತಿನ್ನುತ್ತದೆ. ಅನುಮಾನವಿದ್ದರೆ ಒದ್ದೆ ಹತ್ತಿಯ ಜೊತೆ, ಅದಕ್ಕೆ ತಾಗದಂತೆ, ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಟ್ಟು ನೋಡಿ. ಹೊಸ ಹಸಿರು ಚುಕ್ಕೆ ಎದ್ದರೆ ರೋಗ ಖಚಿತ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 28 ಗ್ರಾಂ ವಾಷಿಂಗ್ ಸೋಡಾ (ಹರಳಲ್ಲ, ಒಣ ಪುಡಿ), 22 ಗ್ರಾಂ ಅಡುಗೆ ಸೋಡಾ ಕರಗಿಸಿ. ನಾಣ್ಯವನ್ನು ಅದರಲ್ಲಿ ಮುಳುಗಿಸಿಟ್ಟು, ವಾರಕ್ಕೊಮ್ಮೆ ದ್ರಾವಣ ಬದಲಿಸುತ್ತ ಕೆಲವು ವಾರ ಬಿಡಿ. ನಾಣ್ಯದ ಮೇಲೆ ನೀಲಿ ಛಾಯೆ ಕಾಣಿಸಿದರೆ ಕಿಲುಬಿನ ಬಣ್ಣವೇ ಬದಲಾಗುತ್ತಿದೆ ಎಂದರ್ಥ, ತಕ್ಷಣ ತೆಗೆಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ವಾರ ನೆನೆಸಿ ಸೋಡಾ ಬಿಡಿಸಿ. ರೋಗದ ನಾಣ್ಯವನ್ನು ಬೇರೆಯಾಗಿಯೇ ಇಟ್ಟು ಆಗಾಗ ನೋಡುತ್ತಿರಿ.

ಒಣಗಿಸಲು ಅಸಿಟೋನ್‌ನಲ್ಲಿ ಐದು ನಿಮಿಷ ಅದ್ದಿ, ಕಿಟಕಿ ತೆರೆದು ಪೂರ್ತಿ ಆರಲು ಬಿಡಿ. ಅದು ಬೇಗ ಬೆಂಕಿ ಹಿಡಿಯುವ ವಸ್ತು. ಸಂಪೂರ್ಣ ಆರಿದ ಮೇಲೆಯೇ ನಾಣ್ಯವನ್ನು ಸುಮಾರು 100 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಡಿ. ಇನ್ನೂ ಬೆಚ್ಚಗಿರುವಾಗ ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆದ, ಬಲು ಸಣ್ಣ ಹರಳಿನ ಮೇಣ) ತೆಳ್ಳಗೆ ಸವರಿ, ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಪಿವಿಸಿ ಆಲ್ಬಮ್‌ನಲ್ಲಿ ಹಾಕಬೇಡಿ, ಆ ಪ್ಲಾಸ್ಟಿಕ್ಕೇ ಕ್ರಮೇಣ ಕ್ಲೋರೈಡ್ ಬಿಡುತ್ತದೆ. ಕರಾವಳಿ, ಮಲೆನಾಡಿನವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಇಟ್ಟಿರಲಿ. ಅದು ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಒಳಗಿಡಿ.