ಕೋಚ್‌ನ ಹನ್ನೊಂದು, ನನ್ನ ಹನ್ನೊಂದು

ಫುಟ್‌ಬಾಲ್ ಪಂದ್ಯಕ್ಕೆ ಸುಮಾರು ಒಂದು ಗಂಟೆ ಇದೆ ಅನ್ನುವಾಗ ಲೈನ್‌ಅಪ್, ಅಂದರೆ ಮೊದಲಿಂದ ಆಡುವ ಹನ್ನೊಂದು ಜನರ ಪಟ್ಟಿ, ಬರುತ್ತದೆ. ಬಂದ ಕೂಡಲೇ ಕಂಠೀರವ ಸ್ಟೇಡಿಯಮ್‌ನ ಗೇಟಿನ ಹೊರಗೆ ಜಗಳ ಶುರು. "ಗುರು, ಸುನಿಲ್ ಛೆಟ್ರಿನ ಯಾಕೆ ಬೆಂಚ್‌ನಲ್ಲಿ ಕೂರಿಸಿದಾನೆ?" "ಅದೇ ಲೆಫ್ಟ್ ಬ್ಯಾಕ್‌ನ ಮತ್ತೆ ಹಾಕಿದಾನಲ್ಲ ಮಗಾ, ಹೋದ ಮ್ಯಾಚ್ ನೋಡ್ಲಿಲ್ವಾ ಇವ್ನು?" ಬೆಂಗಳೂರು ಎಫ್‌ಸಿ ಶುರುವಾಗಿದ್ದು 2013ರಲ್ಲಿ. ಮೊದಲ ಸೀಸನ್ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್‌ನಲ್ಲಿ ಆಡಿದ ಕಾಲದಿಂದಲೂ ನಾನು ಈ ತಂಡದ ಹಿಂದೆ ಇದ್ದೇನೆ. ನನಗೆ ಪಂದ್ಯ ಎಷ್ಟು ಇಷ್ಟವೋ ಈ ಜಗಳವೂ ಅಷ್ಟೇ ಇಷ್ಟ. ಇಷ್ಟವಾದ್ದರಿಂದಲೇ ಅದನ್ನು ಸರಿಯಾಗಿ ಮಾಡಬೇಕು ಅನ್ನೋ ಹಟ. ಕೋಚ್‌ನ ಆಯ್ಕೆ ಬಗ್ಗೆ ವಾದ ಮಾಡುವುದಕ್ಕೆ ವರ್ಷಗಳು ಕಳೆದಂತೆ ನನ್ನದೇ ಒಂದು ಕ್ರಮ ಮಾಡಿಕೊಂಡಿದ್ದೇನೆ.

ಎಲ್ಲದಕ್ಕಿಂತ ಮೊದಲು, ಲೈನ್‌ಅಪ್ ಬರುವ ಮುಂಚೆಯೇ ನನ್ನ ಹನ್ನೊಂದು ಜನರನ್ನು ಬರೆದಿಡುತ್ತೇನೆ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಇದು ಮುಗಿದಿರುತ್ತದೆ. ಕೋಚ್‌ನ ಪಟ್ಟಿ ನೋಡಿದ ಮೇಲೆ ತಪ್ಪು ಹುಡುಕುವುದು ಬಹಳ ಸುಲಭ. ನಾವೇ ಮೊದಲು ಹನ್ನೊಂದು ಹೆಸರು ಬರೆಯಬೇಕಾದರೆ ಒಬ್ಬನನ್ನು ಒಳಗೆ ತರಲು ಇನ್ನೊಬ್ಬನನ್ನು ಹೊರಗೆ ಬಿಡಲೇಬೇಕು. ಯಾರನ್ನು ಬಿಟ್ಟೆ, ಯಾಕೆ ಬಿಟ್ಟೆ ಅನ್ನುವುದನ್ನೂ ಒಂದು ಸಾಲು ಬರೆಯುತ್ತೇನೆ. ನನ್ನ ಪುಸ್ತಕದಲ್ಲಿ ಹೆಚ್ಚು ಕೆಲಸಕ್ಕೆ ಬಂದಿರುವುದು ಆ ಒಂದು ಸಾಲೇ.

ಕೋಚ್‌ಗೆ ಇರುವ ಕಟ್ಟುಪಾಡು ನನ್ನ ಪಟ್ಟಿಗೂ ಇರಬೇಕು. 2024-25ರ ಸೀಸನ್ ತೆಗೆದುಕೊಳ್ಳಿ. ಆಗ ನಮ್ಮ ಹತ್ತಿರ ಆರು ವಿದೇಶಿ ಆಟಗಾರರಿದ್ದರು: ಹಿಂದೆ ಯೊವಾನೊವಿಚ್, ನಡುವೆ ಪೆಡ್ರೊ ಕಾಪೊ ಮತ್ತು ನೊಗುವೆರಾ, ಮುಂದೆ ಎಡ್ಗರ್ ಮೆಂಡೆಜ್, ಪೆರೇರಾ ಡಿಯಾಸ್, ರಯಾನ್ ವಿಲಿಯಮ್ಸ್. ಲೀಗ್ ನಿಯಮದಂತೆ ಮೈದಾನದಲ್ಲಿ ಒಂದು ಸಲಕ್ಕೆ ಅವರಲ್ಲಿ ನಾಲ್ವರಿಗೆ ಮಾತ್ರ ಜಾಗ. "ನೊಗುವೆರಾನ ಯಾಕೆ ಮೊದಲಿಂದ ಆಡಿಸಲ್ಲ?" ಅನ್ನುವವರಿಗೆ ನಾನು ಕೇಳುತ್ತಿದ್ದದ್ದು ಒಂದೇ: "ಸರಿ, ಯಾರನ್ನ ಕೂರಿಸ್ತೀಯಾ?" ಕಾಪೊನ ಕೂರಿಸಿದರೆ ಡಿಫೆನ್ಸ್ ಮುಂದೆ ನಿಲ್ಲುವವರು ಯಾರು? ಡಿಯಾಸ್‌ನ ಕೂರಿಸಿದರೆ ಒಂಬತ್ತನೇ ನಂಬರ್, ಅಂದರೆ ಮುಖ್ಯ ಸ್ಟ್ರೈಕರ್ ಜಾಗದಲ್ಲಿ ಯಾರು? ಅಲ್ಲಿಗೆ ಮಾತು ಕೂಗಾಟ ಬಿಟ್ಟು ಲೆಕ್ಕಕ್ಕೆ ಬರುತ್ತಿತ್ತು. 2025ರ ನವೆಂಬರ್‌ನಲ್ಲಿ ವಿಲಿಯಮ್ಸ್ ಭಾರತದ ಪೌರತ್ವ ಪಡೆದಾಗ ನಾನು ಖುಷಿಪಟ್ಟಿದ್ದಕ್ಕೆ ಅರ್ಧ ಕಾರಣ ಈ ಲೆಕ್ಕವೇ. ಒಬ್ಬ ಆಟಗಾರನ ಪಾಸ್‌ಪೋರ್ಟ್ ಬದಲಾದರೆ ಇಡೀ ಹನ್ನೊಂದರ ಸ್ವರೂಪ ಬದಲಾಗುತ್ತದೆ.

ಅಮಾನತು, ಗಾಯ ಇವನ್ನೂ ಮೊದಲೇ ನೋಡಿಕೊಳ್ಳಬೇಕು. ನಮ್ಮ ತಂಡ ಆಡುವ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ನಾಲ್ಕು ಹಳದಿ ಕಾರ್ಡ್ ಆದರೆ ಒಂದು ಪಂದ್ಯ ಹೊರಗೆ. ಏಷ್ಯಾದ ಕ್ಲಬ್‌ಗಳು ಆಡುವ 2016ರ ಎಎಫ್‌ಸಿ ಕಪ್ ಫೈನಲ್ ನೆನಪಿಸಿಕೊಳ್ಳಿ. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲೇ 3-1ರಿಂದ ಸೋಲಿಸಿ ದೋಹಾಗೆ ಹೋಗಿದ್ದೆವು. ಆದರೆ ಫೈನಲ್‌ಗೆ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಿಂದ ಹೊರಗೆ. ಲಾಲ್‌ತುವಮ್ಮಾವಿಯಾ ರಾಲ್ತೆ ಆಡಿದರು. ಇರಾಕಿನ ಏರ್ ಫೋರ್ಸ್ ಕ್ಲಬ್ 1-0ರಿಂದ ಗೆದ್ದಿತು. ಆಮೇಲೆ ಎಷ್ಟೋ ಜನ ಕೋಚ್ ಆಲ್ಬರ್ಟ್ ರೋಕಾ ಬಗ್ಗೆ ಮಾತಾಡಿದರು. ಆ ರಾತ್ರಿ ಗೋಲ್‌ಪೋಸ್ಟ್ ಮುಂದೆ ಅಮರಿಂದರ್‌ನ ನಿಲ್ಲಿಸುವ ಆಯ್ಕೆಯೇ ರೋಕಾಗೆ ಇರಲಿಲ್ಲ. ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮದು. ಅಂಥ ಪಂದ್ಯದ ಬಗ್ಗೆ ಮಾತಾಡುವಾಗ ಆದರೂ ಯಾರು ಲಭ್ಯ ಇದ್ದರು, ಯಾರು ಇರಲಿಲ್ಲ ಅನ್ನುವುದು ಬಾಯಲ್ಲಿ ಇರಬೇಕು.

ಇನ್ನು ಪಂದ್ಯ ನೋಡುವ ವಿಚಾರ. ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲಿ ನಿಂತು ಹಾಡುತ್ತಾ ನೋಡುವ ಖುಷಿ ಬೇರೆ, ಅದನ್ನು ಬಿಡಲಾರೆ. ಆದರೆ ತಂತ್ರ ಅರ್ಥವಾಗಬೇಕು ಅಂತ ಹೊರಟ ದಿನ ಎತ್ತರದ ಸಾಲಿನಲ್ಲಿ ಕೂರುತ್ತೇನೆ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಕೆಳಗೆ ಕೂತರೆ ಆಚೆ ಬದಿಯವರು ಒಬ್ಬರ ಮೇಲೊಬ್ಬರು ನಿಂತಂತೆ ಕಾಣುತ್ತಾರೆ, ನಡುವಿನ ಜಾಗ ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಟಿವಿಯಲ್ಲೂ ಹಾಗೇ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ.

ಆಸ್ಟಿನ್ ಟೌನ್ ಕಡೆಯ ಒಬ್ಬ ಅಂಕಲ್ ನಮ್ಮ ಜೊತೆ ಬರುತ್ತಾರೆ. ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡಿ ಬೆಳೆದವರು. ಅವರು ನನಗೆ ಕಲಿಸಿದ್ದು ಇಷ್ಟು: "ತಮ್ಮಾ, ಬಾಲ್ ಎಲ್ಲಿಗೂ ಓಡಿ ಹೋಗಲ್ಲ. ನಿನ್ನ ಬ್ಯಾಕ್‌ಗಳು ಎಲ್ಲಿದ್ದಾರೆ ನೋಡು." ಅಂದಿನಿಂದ ಮೊದಲ ಹದಿನೈದು ನಿಮಿಷ ನಾನು ಚೆಂಡನ್ನು ಹೆಚ್ಚು ನೋಡುವುದಿಲ್ಲ. ಚೆಂಡು ನಮ್ಮ ಹತ್ತಿರ ಇದ್ದಾಗ ಫುಲ್‌ಬ್ಯಾಕ್, ಅಂದರೆ ಬದಿಯ ಡಿಫೆಂಡರ್, ಎಲ್ಲಿಯವರೆಗೆ ಹೋಗುತ್ತಾನೆ? ಚೆಂಡು ಕಳೆದುಕೊಂಡಾಗ ಎಲ್ಲಿಗೆ ಮರಳುತ್ತಾನೆ? ನಡುವಿನ ಮೂವರಲ್ಲಿ ಹಿಂದೆ ಉಳಿಯುವವನು ಯಾರು? ಪುಸ್ತಕದಲ್ಲಿ ಎರಡು ಚಿತ್ರ ಹಾಕುತ್ತೇನೆ, ಚೆಂಡು ಇದ್ದಾಗ ಒಂದು, ಇಲ್ಲದಾಗ ಒಂದು. ಲೈನ್‌ಅಪ್ ಜೊತೆ ಬರುವ 4-3-3, 3-4-3 ಅನ್ನುವ, ಹಿಂದೆ, ನಡುವೆ, ಮುಂದೆ ಎಷ್ಟೆಷ್ಟು ಜನ ಅಂತ ಹೇಳುವ ಅಂಕಿಗೂ ಈ ಎರಡು ಚಿತ್ರಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಕಾಗದದ ಮೇಲಿನ ಅಂಕಿ ಹಿಡಿದುಕೊಂಡು ಗಂಟೆಗಟ್ಟಲೆ ಕಿತ್ತಾಡುವುದು ನನಗೆ ಅದಕ್ಕೇ ಒಗ್ಗುವುದಿಲ್ಲ.

ಗೋಲು ಹೇಗೆ ಬಂತು ಅನ್ನುವುದನ್ನು ಅಲ್ಲೇ, ಆಗಲೇ ಬರೆದುಕೊಳ್ಳುವುದು ನನ್ನ ಇನ್ನೊಂದು ಅಭ್ಯಾಸ. ಇದು ಗಟ್ಟಿಯಾಗಿದ್ದು 2018ರ ಮಾರ್ಚ್ 17ರ ಐಎಸ್‌ಎಲ್ ಫೈನಲ್‌ನಿಂದ. ನಮ್ಮದೇ ಮೈದಾನ, ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷದಲ್ಲಿ ನಮ್ಮ ವಿಂಗರ್ ಉದಾಂತ ಬದಿಯಿಂದ ಕೊಟ್ಟ ಕ್ರಾಸ್‌ಗೆ ಛೆಟ್ರಿ ಹಾರಿ ತಲೆ ಕೊಟ್ಟರು. ಇಡೀ ಕಂಠೀರವ ಎದ್ದು ನಿಂತಿತ್ತು. ಕೊನೆಗೆ 3-2ರಿಂದ ಸೋತೆವು. ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಫಾರ್ಮೇಶನ್ನೇ. ಹಿಂದೆ ಮೂವರು ಸಾಕಾ, ನಾಲ್ವರು ಬೇಕಾ ಅಂತ. ಆದರೆ ಚೆನ್ನೈಯಿನ್‌ನ ಮೊದಲ ಎರಡು ಗೋಲೂ ಕಾರ್ನರ್‌ನಿಂದ ಬಂದವು, ಎರಡೂ ಮೈಲ್ಸನ್ ಆಲ್ವೆಸ್ ತಲೆಯಿಂದ. ಕಾರ್ನರ್ ಹೊತ್ತಿಗೆ ಹತ್ತು ಜನ ಗೋಲ್ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ಬಂದು ನಿಂತಿರುತ್ತಾರೆ. ಅಲ್ಲಿ ಮೂವರೋ ನಾಲ್ವರೋ ಅನ್ನುವ ಪ್ರಶ್ನೆ ಎಲ್ಲಿಂದ ಬಂತು? ಕೇಳಬೇಕಾದದ್ದು ಬೇರೆ. ಆಲ್ವೆಸ್‌ನ ಹಿಡಿಯುವ ಕೆಲಸ ಯಾರದ್ದು? ಒಂದು ಸಲ ಹೊಡೆಸಿಕೊಂಡ ಮೇಲೆ, ಎರಡನೇ ಕಾರ್ನರ್ ಹೊತ್ತಿಗೆ ಏನಾದರೂ ಬದಲಾಯಿತಾ? ಮೂರನೇ ಗೋಲು, ರಫಾಯೆಲ್ ಆಗಸ್ಟೊ ಹೊಡೆದದ್ದು, ಅದೊಂದರ ಬಗ್ಗೆ ನಡುಮೈದಾನದ ಮಾತು ಆಡಬಹುದಿತ್ತು. ಆ ವರ್ಷ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ ಅದು. ಆ ಸೋಲಿನ ನೋವು ಇವತ್ತಿಗೂ ಇದೆ. ನೋವಿದ್ದಾಗಲೇ ಸರಿಯಾದ ಪ್ರಶ್ನೆ ಕೇಳಬೇಕು ಅಂತ ನನಗೆ ಅನ್ನಿಸುತ್ತದೆ.

ರೋಕಾ ಹೋದ ಮೇಲೆ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಬಂದರು. 2019ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆದ್ದು ಕಪ್ ತಂದರು. ಆ ಗೋಲೂ ಕಾರ್ನರ್‌ನಿಂದಲೇ. ಡಿಮಾಸ್ ಡೆಲ್ಗಾಡೊ ಹಾಕಿದ್ದು, ರಾಹುಲ್ ಭೇಕೆ ತಲೆಯಲ್ಲಿ ಹೊಡೆದದ್ದು. ಮರುವರ್ಷ ಅದೇ ಕೋಚ್‌ಗೆ "ಡಿಫೆನ್ಸಿವ್" ಅನ್ನುವ ಹಣೆಪಟ್ಟಿ ಅಂಟಿತು. ಗೋಲು ಕಡಿಮೆ ಬರುತ್ತಿದ್ದದ್ದು ನಿಜ, ಕಾರ್ನರ್, ಫ್ರೀ ಕಿಕ್‌ನಂಥ ಸೆಟ್ ಪೀಸ್ ಮೇಲೆ ಜಾಸ್ತಿ ನಿಂತಿದ್ದದ್ದೂ ನಿಜ. ಆದರೆ ಆ ಸೀಸನ್‌ಗೆ ಸ್ಟ್ರೈಕರ್ ಮೀಕು ಇರಲಿಲ್ಲ. ಉದ್ದ ಚೆಂಡು ಬಂದರೆ ಎದೆಯಲ್ಲಿ ತಡೆದು, ಬೆನ್ನ ಮೇಲೆ ಒಬ್ಬನನ್ನು ಹೊತ್ತು, ಉದಾಂತ ಓಡಿ ಬರುವವರೆಗೂ ಕಾಯುತ್ತಿದ್ದ ಮನುಷ್ಯ ಅವರು. ಅವರ ಜಾಗಕ್ಕೆ ಬಂದ ಮ್ಯಾನುಯೆಲ್ ಒನ್ವು ನಮ್ಮಲ್ಲಿ ಗೋಲಿಗೆ ಪರದಾಡಿದರು. ಅರ್ಧ ಸೀಸನ್‌ಗೆ ಸಾಲದ ಮೇಲೆ ಒಡಿಶಾಗೆ ಹೋದರು, ಅಲ್ಲಿ ಗೋಲಿನ ಮೇಲೆ ಗೋಲು ಹೊಡೆದರು!

ನಮ್ಮ ಗುಂಪಿನಲ್ಲಿ ಈ ಒಂದು ವಿಷಯ ತಿಂಗಳುಗಟ್ಟಲೆ ಓಡಿತು. "ನೋಡು, ಪ್ಲೇಯರ್ ಸರಿಯಾಗೇ ಇದ್ದ, ಕೋಚ್ ಸರಿ ಇರ್ಲಿಲ್ಲ" ಅಂತ ಒಬ್ಬ. "ಒಡಿಶಾ ಆಡೋ ರೀತಿನೇ ಬೇರೆ, ಅಲ್ಲಿ ಓಡೋಕೆ ಜಾಗ ಸಿಗುತ್ತೆ" ಅಂತ ಇನ್ನೊಬ್ಬ. ನನ್ನ ಪುಸ್ತಕ ತೆಗೆದು ನೋಡಿದರೆ ಒನ್ವು ನಮ್ಮಲ್ಲಿ ಆಡಿದಾಗ ಅವರ ಹತ್ತಿರ ಬೇರೆ ನೀಲಿ ಅಂಗಿ ಕಾಣುತ್ತಿದ್ದದ್ದೇ ಅಪರೂಪ. ನನ್ನ ತೀರ್ಪು ಹೀಗಿದೆ: ಮೀಕುಗೆ ಹೊಂದುವ ಆಟದೊಳಗೆ ಮೀಕು ಅಲ್ಲದವರನ್ನು ಇಟ್ಟರು. ಅದರಲ್ಲಿ ಅರ್ಧ ಕೋಚ್‌ನ ಜವಾಬ್ದಾರಿ, ಅರ್ಧ ಆಟಗಾರರನ್ನು ಕೊಳ್ಳುವವರ ಜವಾಬ್ದಾರಿ. ಇವೆರಡನ್ನೂ ಒಂದೇ ಮೂಟೆ ಮಾಡಿ ಕೋಚ್‌ನ ತಲೆ ಮೇಲೆ ಹೊರಿಸುವುದು ಸರಿಯಲ್ಲ. ಆ ವರ್ಷ ಎರಡು ಪಂದ್ಯಗಳ ಸೆಮಿಫೈನಲ್‌ನಲ್ಲಿ ಇಲ್ಲಿ 1-0ರಿಂದ ಗೆದ್ದು, ಕೋಲ್ಕತ್ತದಲ್ಲಿ ನಮ್ಮ ಆಶಿಕ್ ಬೇಗ ಗೋಲು ಹೊಡೆದರೂ ಎಟಿಕೆ ಎದುರು 3-1ರಿಂದ ಸೋತೆವು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದರು. ಆ ದಿನ ನನಗೆ ಬೇಸರವಾಗಿತ್ತು, ಅದನ್ನು ಗುಂಪಿನಲ್ಲಿ ಬಾಯಿಬಿಟ್ಟು ಹೇಳಿದೆ ಕೂಡ.

ಇನ್ನು ಛೆಟ್ರಿ. ಇದು ತಂತ್ರದ ವಿಷಯ ಅಷ್ಟೇ ಅಲ್ಲ, ಮನಸ್ಸಿನ ವಿಷಯ. 2024ರ ಜೂನ್‌ನಲ್ಲಿ ಅವರು ಭಾರತ ತಂಡಕ್ಕೆ ವಿದಾಯ ಹೇಳಿದರು, ಆಗಸ್ಟ್‌ನಲ್ಲಿ ನಲವತ್ತು ತುಂಬಿತು. ಸೀಸನ್ ಶುರುವಾದಾಗ ಕೋಚ್ ಜೆರಾರ್ಡ್ ಝರಗೋಜಾ ಅವರನ್ನು ಬೆಂಚ್‌ನಿಂದ ಇಳಿಸತೊಡಗಿದರು. ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದದ್ದು ನಮ್ಮದೇ ಅಕಾಡೆಮಿಯ ಹುಡುಗ ವಿನಿತ್ ವೆಂಕಟೇಶ್. ಮುಂದಿನ ಪಂದ್ಯದಲ್ಲಿ ಹೈದರಾಬಾದ್ ವಿರುದ್ಧ ಛೆಟ್ರಿ ಸಬ್, ಅಂದರೆ ಬದಲಿ ಆಟಗಾರನಾಗಿ ಬಂದು ಎರಡು ಗೋಲು ಹೊಡೆದರು. ಗುಂಪು ಎರಡಾಯಿತು. "ಎರಡು ಹೊಡೆದ, ಇನ್ನೂ ಬೆಂಚಾ?" "ಸುಸ್ತಾದ ಡಿಫೆನ್ಸ್ ಮೇಲೆ ಬಿಟ್ಟಿದ್ದಕ್ಕೇ ಹೊಡೆದ." ಒಂದೇ ಘಟನೆಯಿಂದ ಇಬ್ಬರಿಗೂ ಸಾಕ್ಷಿ ಸಿಕ್ಕಿತ್ತು.

ಇಂಥ ಹೊತ್ತಿನಲ್ಲಿ ನಾನು ಗೋಲು ಬಿಟ್ಟು ಉಳಿದದ್ದನ್ನು ಬರೆಯತೊಡಗಿದೆ. ಛೆಟ್ರಿ ಮೊದಲಿಂದ ಇದ್ದಾಗ ಎದುರಾಳಿಯ ಸೆಂಟರ್ ಬ್ಯಾಕ್ ಮೇಲೆ ಮೊದಲು ಓಡುವವರು ಯಾರು? ಎಡಕ್ಕೆ ಸರಿದು ಆಡುತ್ತಾರಾ, ನಡುವೆ ಇರುತ್ತಾರಾ? ಅವರು ಹೊರಗೆ ಬಂದ ಮೇಲೆ ಪೆಟ್ಟಿಗೆಯೊಳಗಿನ ಓಟ ಯಾರದ್ದು? ಬರೆಯುತ್ತಾ ಹೋದಂತೆ ಒಂದು ವಿಷಯ ಕಾಣಿಸಿತು. ಅವರು ಓಡುವ ದೂರ ಕಡಿಮೆ ಆಗಿರಬಹುದು, ಆದರೆ ಓಡುವ ಹೊತ್ತು ಒಂದು ಚೂರೂ ತಪ್ಪಿರಲಿಲ್ಲ. ಹಾಗಾಗಿ ನನ್ನ ವಾದ ಹೀಗಾಯಿತು: ಸುತ್ತ ಓಡಿ ಚೆಂಡು ಹಿಡಿದ ಎದುರಾಳಿಯನ್ನು ಪ್ರೆಸ್ ಮಾಡುವ ವಿಲಿಯಮ್ಸ್‌ನಂಥವರಿದ್ದರೆ ಛೆಟ್ರಿಯನ್ನು ಮೊದಲಿಂದಲೇ ಆಡಿಸಬಹುದು, ಇಲ್ಲದ ದಿನ ಬೆಂಚ್ ಒಳ್ಳೆಯದು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 4-2ರ ಗೆಲುವು. ಛೆಟ್ರಿ ಹ್ಯಾಟ್ರಿಕ್, ಇನ್ನೊಂದು ವಿಲಿಯಮ್ಸ್‌ದು. ಆ ಸೀಸನ್ ಮುಗಿದಾಗ ಛೆಟ್ರಿ ಲೆಕ್ಕದಲ್ಲಿ 14 ಗೋಲು. ಗೋವಾದಲ್ಲಿ ಸೆಮಿಫೈನಲ್ ಹೆಚ್ಚುವರಿ ಸಮಯದ ಕಡೆ ವಾಲುತ್ತಿದ್ದಾಗ ತೊಂಬತ್ತು ನಿಮಿಷ ದಾಟಿದ ಮೇಲೆ ತಲೆಯಿಂದ ಹೊಡೆದು ಫೈನಲ್‌ಗೆ ಒಯ್ದದ್ದೂ ಅವರೇ.

ಕೋಲ್ಕತ್ತದ ಆ ಫೈನಲ್‌ನಲ್ಲಿ ಮೊದಲು ಮುಂದಾದದ್ದು ನಾವೇ, ಕೊನೆಗೆ ಮೋಹನ್ ಬಗಾನ್ ಹೆಚ್ಚುವರಿ ಸಮಯದಲ್ಲಿ 2-1 ಮಾಡಿ ಗೆದ್ದಿತು. ಅಂಥ ಪಂದ್ಯದಲ್ಲಿ ನಾನು ಹೆಚ್ಚು ಗಮನ ಕೊಡುವುದು ಬದಲಿ ಆಟಗಾರರ ಕಡೆ. ಯಾರು ಬಂದರು ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ. ಅವರು ಬಂದ ಮೇಲೆ ಯಾರ ಜಾಗ ಸರಿಯಿತು, ನಮ್ಮ ತಂಡ ಎಷ್ಟು ಹಿಂದಕ್ಕೆ ಹೋಯಿತು, ಎಷ್ಟನೇ ನಿಮಿಷದಿಂದ ಹೋಯಿತು ಅನ್ನುವುದನ್ನು ಬರೆದುಕೊಂಡರೆ ಮಾತ್ರ ಮಾರನೇ ದಿನ ಮಾತಿಗೆ ಬಲ ಬರುತ್ತದೆ. ಒಂದು ಗೋಲಿನ ಮುನ್ನಡೆ ಇದ್ದಾಗ ಹಿಂದೆ ಸರಿದದ್ದು ಕೋಚ್ ಹೇಳಿದ್ದಕ್ಕಾ, ಎದುರಾಳಿ ತಳ್ಳಿದ್ದಕ್ಕಾ? ಸಬ್ ಆದ ಮರುಕ್ಷಣ ಸರಿದಿದ್ದರೆ ಕೋಚ್‌ನ ಮಾತು ಅಂತ ಹಿಡಿಯುತ್ತೇನೆ. ನಿಧಾನವಾಗಿ ಸರಿಯುತ್ತಾ ಹೋಗಿದ್ದರೆ ಕಾಲು ಸೋತಿದೆ ಅಂತ.

ಈಗ ನಮ್ಮ ಗುಂಪಿಗೆ ಕಾಲೇಜು ಹುಡುಗ ಹುಡುಗಿಯರು ಬರುತ್ತಿದ್ದಾರೆ. ಯುರೋಪಿನ ಲೀಗ್ ನೋಡಿ ನೋಡಿ ಅವರಿಗೆ ತಂತ್ರದ ಮಾತು ನಮಗಿಂತ ಚೆನ್ನಾಗಿ ಗೊತ್ತು. ಅವರಿಗೂ ಒಂದು ಚೀಟಿ ಕೊಡುತ್ತೇನೆ, ಲೈನ್‌ಅಪ್ ಬರುವ ಮುಂಚೆ ಹನ್ನೊಂದು ಹೆಸರು ಬರೆಯಲು. ನಾಲ್ಕು ವಿದೇಶಿಯರಿಗಿಂತ ಜಾಸ್ತಿ ಬರೆದರೆ ಚೀಟಿ ವಾಪಸ್. ಹೋದ ಸಲ ಒಬ್ಬ ಹುಡುಗಿ ಹನ್ನೊಂದರ ಕೆಳಗೆ ಐದು ಸಬ್‌ಗಳನ್ನೂ, ಯಾವ ನಿಮಿಷಕ್ಕೆ ಇಳಿಸಬೇಕು ಅನ್ನುವುದನ್ನೂ ಬರೆದುಕೊಟ್ಟಳು. ಮುಂದಿನ ಸೀಸನ್‌ನಿಂದ ನಾವೆಲ್ಲರೂ ಹಾಗೇ ಬರೆಯುವುದು ಅಂತ ಮಾತಾಗಿದೆ.