ಸೆನ್ಸರ್ ಬದಲಾಯಿಸೋಕೆ ಮುಂಚೆ ಇಷ್ಟು ಚೆಕ್ ಮಾಡಿ

ಪಿಕಪ್ ಇಲ್ಲ, ಐಡ್ಲಿಂಗಲ್ಲಿ ಗಾಡಿ ನಡುಗ್ತಿದೆ, ಮೈಲೇಜ್ ಬಿದ್ದೋಗಿದೆ ಅಂದ ತಕ್ಷಣ ಗ್ಯಾರೇಜಲ್ಲಿ "ಏರ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಸಿ" ಅಂದ್ಬಿಡ್ತಾರೆ. ಎಷ್ಟೋ ಸಲ ಸೆನ್ಸರ್ ಸರಿಯಾಗೇ ಇರುತ್ತೆ, ಧೂಳು ಕೂತಿರುತ್ತೆ ಅಥವಾ ಪೈಪ್ ಎಲ್ಲೋ ಸೀಳಿರುತ್ತೆ ಅಷ್ಟೆ.

ಪೆಟ್ರೋಲ್ ಗಾಡೀಲಿ ಆಕ್ಸಿಲರೇಟರ್ ತುಳಿದಾಗ ನಾವು ಒಳಗೆ ಬಿಡೋದು ಗಾಳಿನ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು (ಎಥನಾಲ್ ಬೆರೆತಿದ್ರೆ ಸ್ವಲ್ಪ ಕಮ್ಮಿ), ಹಾಗಾಗಿ ಬಂದ ಗಾಳಿ ಎಷ್ಟು ಅಂತ ನೋಡ್ಕೊಂಡೇ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೀಬೇಕು ಅಂತ ಲೆಕ್ಕ ಹಾಕೋದು.

ಕೆಲವು ಗಾಡೀಲಿ ಇದನ್ನ ಅಳೆಯೋದು ಎಂಎಎಫ್ (ಮಾಸ್ ಏರ್ ಫ್ಲೋ) ಸೆನ್ಸರ್, ಏರ್ ಫಿಲ್ಟರ್ ದಾಟಿದ ತಕ್ಷಣ ಇರುತ್ತೆ, ಒಳಗೆ ಕಾಯಿಸಿಟ್ಟ ಸಣ್ಣ ತಂತಿ, ಗಾಳಿ ಜಾಸ್ತಿ ಹರಿದಷ್ಟೂ ತಂತಿ ಆರುತ್ತೆ, ಬಿಸಿ ಉಳಿಸ್ಕೊಳ್ಳೋಕೆ ಎಷ್ಟು ಕರೆಂಟ್ ಬೇಕಾಯ್ತೋ ಅದೇ ಗಾಳಿ ಲೆಕ್ಕ. ಇನ್ನು ಕೆಲವು ಗಾಡೀಲಿ ಎಂಎಪಿ ಸೆನ್ಸರ್, ಅದು ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗೋ ಪೈಪ್) ಒಳಗಿನ ಪ್ರೆಶರ್ ನೋಡುತ್ತೆ, ಜೊತೆಗೆ ಗಾಳಿ ಟೆಂಪರೇಚರ್, ಆರ್‌ಪಿಎಂ ಸೇರಿಸಿ ಇಸಿಯು ಲೆಕ್ಕ ಮಾಡುತ್ತೆ.

ಒಂದು ಓಬಿಡಿ ಸ್ಕ್ಯಾನರ್ (ಇಸಿಯು ರೀಡಿಂಗ್ ತೋರಿಸೋ ಸಾಧನ) ಹಾಕಿ. ಎಂಎಪಿ ಇದ್ರೆ ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ರೀಡಿಂಗ್ ನೋಡಿ, ಅದು ಆ ಊರಿನ ಗಾಳಿ ಒತ್ತಡಾನೇ ತೋರಿಸ್ಬೇಕು: ಮಂಗಳೂರಲ್ಲಿ 101 ಕಿಲೋಪಾಸ್ಕಲ್ ಹತ್ರ, ಬೆಂಗಳೂರು ಎತ್ತರದಲ್ಲಿರೋದ್ರಿಂದ 91 ಹತ್ರ. ಬೆಂಗಳೂರಲ್ಲಿ 91 ನೋಡಿ ಸೆನ್ಸರ್ ಕೆಟ್ಟಿದೆ ಅನ್ಕೋಬೇಡಿ. ಸ್ಟಾರ್ಟ್ ಮಾಡಿ ಬಿಸಿಯಾದ್ಮೇಲೆ ಐಡ್ಲಿಂಗಲ್ಲಿ ಸಾಮಾನ್ಯವಾಗಿ 30-40ಕ್ಕೆ ಇಳಿಯುತ್ತೆ.

ಎಂಎಎಫ್ ಗಾಡಿ ಆದ್ರೆ ಅದೇ ಸ್ಕ್ಯಾನರಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ತನ್ನ ಲೆಕ್ಕಕ್ಕಿಂತ ಪೆಟ್ರೋಲ್ ಎಷ್ಟು ಪರ್ಸೆಂಟ್ ಜಾಸ್ತಿ-ಕಮ್ಮಿ ಮಾಡ್ತಿದೆ ಅನ್ನೋದು) ನೋಡಿ, ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಸುಳಿವಿಲ್ಲ. ಲಾಂಗ್ ಟರ್ಮ್ ಟ್ರಿಮ್ +10% ದಾಟಿದೆ ಅಂದ್ರೆ ಮಿಕ್ಸ್ಚರ್ ಲೀನ್ ಆಗ್ತಿದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಅಂತ ಹೊಗೆ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ಹೇಳಿ, ಇಸಿಯು ಪೆಟ್ರೋಲ್ ಜಾಸ್ತಿ ಕೊಡ್ತಿದೆ. ಐಡ್ಲಿಂಗಲ್ಲಿ ಟ್ರಿಮ್ ಜಾಸ್ತಿ, 2500 ಆರ್‌ಪಿಎಂಗೆ ಏರಿಸಿದಾಗ ಕಮ್ಮಿ ಆದ್ರೆ ಎಲ್ಲೋ ಗಾಳಿ ಲೀಕ್, ರಬ್ಬರ್ ಹೋಸ್ ಬಗ್ಗಿಸಿ ಮಡಿಕೆಗಳಲ್ಲಿ ಬಿರುಕು ಹುಡುಕಿ. ಲೋಡ್ ಏರಿದಷ್ಟೂ ಟ್ರಿಮ್ ಏರಿದ್ರೆ ತಂತಿ ಮೇಲೆ ಕೊಳೆ ಇರಬಹುದು, ಎಣ್ಣೆ ಹಚ್ಚೋ ಟೈಪ್ ಫಿಲ್ಟರ್ ಹಾಕ್ಸಿದ್ರೆ ಇದು ಇನ್ನೂ ಜಾಸ್ತಿ.

ಕ್ಲೀನ್ ಮಾಡೋಕೆ ಕೀ ಆಫ್ ಮಾಡಿ, ಸೆನ್ಸರ್ ಬಿಚ್ಚಿ, ಎಂಎಎಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೀರಿ. ಕಾರ್ಬುರೇಟರ್ ಕ್ಲೀನರ್ ಬೇಡ, ಬಟ್ಟೆ ಬೇಡ, ಬೆರಳಂತೂ ತಾಗಿಸ್ಲೇಬೇಡಿ, ತಂತಿ ಕಿತ್ತೋಗುತ್ತೆ. ಪೂರ್ತಿ ಒಣಗಿದ್ಮೇಲೆ ಹಾಕಿ, ಸ್ವಲ್ಪ ದಿನ ಓಡಿಸಿ ಮತ್ತೆ ಟ್ರಿಮ್ ನೋಡಿ. ಆಗ್ಲೂ ಇಳೀಲಿಲ್ಲ ಅಂದ್ರೆ ಸೆನ್ಸರಿಗೆ ದುಡ್ಡು ಹಾಕೋ ಮುಂಚೆ ಗಾಡಿಯ ಫ್ಯೂಯಲ್ ಪಂಪ್ ಪ್ರೆಶರ್ ಚೆಕ್ ಮಾಡ್ಸಿ.