ದಾಲ್ ಮಿಲ್ಲಿನ ಜನರೇಟರ್ ಹೊಗೆ: ಮಿತಿ ಎಷ್ಟು, ಅದರೊಳಗೆ ಉಳಿಯುವುದು ಹೇಗೆ

ಕಲಬುರಗಿ ಸುತ್ತಿನ ದಾಲ್ ಮಿಲ್ಲುಗಳಲ್ಲಿ ಹೊಸ ಜನರೇಟರ್ ತರುವಾಗ ಮೊದಲ ಪ್ರಶ್ನೆ ಎಷ್ಟು ಕೆವಿಎ (ಸೆಟ್ಟಿನ ವಿದ್ಯುತ್ ಸಾಮರ್ಥ್ಯದ ಅಳತೆ), ಎರಡನೆಯದು ರೇಟು. ಹೊಗೆಯ ಕಾನೂನು ಮಾತ್ರ ಕೆವಿಎ ನೋಡುವುದಿಲ್ಲ, ಎಂಜಿನ್ನಿನ ಕಿಲೋವ್ಯಾಟ್ ನೋಡುತ್ತದೆ. 2023ರ ಜುಲೈ 1ರಿಂದ ಜಾರಿಯಲ್ಲಿರುವ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4+ ನಿಯಮ 800 ಕಿಲೋವ್ಯಾಟ್‌ವರೆಗಿನ ಜನರೇಟರ್ ಎಂಜಿನ್‌ಗಳಿಗೆ ಅನ್ವಯ. ನಮ್ಮ ಮಿಲ್ಲುಗಳಿಗೆ ಬೇಕಾದ ಗಾತ್ರಗಳಲ್ಲಿ ಅದು 56 ಕಿಲೋವ್ಯಾಟ್‌ಗೆ ಒಂದು ಗೆರೆ ಎಳೆಯುತ್ತದೆ.

19ರಿಂದ 56 ಕಿಲೋವ್ಯಾಟ್‌ವರೆಗಿನ ಎಂಜಿನ್ ಪ್ರತಿ ಕಿಲೋವ್ಯಾಟ್ ಗಂಟೆಗೆ ಸಾರಜನಕದ ಆಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಸೇರಿ 4.7 ಗ್ರಾಂ, ಮಸಿಯ ಕಣ 0.03 ಗ್ರಾಂ ಮೀರಬಾರದು. 56 ದಾಟಿ 560ರವರೆಗೆ ಸಾರಜನಕದ ಆಕ್ಸೈಡ್ ಒಂದೇ 0.40, ಹೈಡ್ರೋಕಾರ್ಬನ್ 0.19, ಕಣ 0.02 ಗ್ರಾಂ. ಕಾರ್ಬನ್ ಮೊನಾಕ್ಸೈಡ್ ಎರಡಕ್ಕೂ 3.5. ಗೆರೆ ದಾಟಿದ ಎಂಜಿನ್ನಿಗೆ ಸಾಮಾನ್ಯವಾಗಿ ಸಾರಜನಕದ ಆಕ್ಸೈಡ್ ತಗ್ಗಿಸಲು ಹೊಗೆಗೆ ಸಿಂಪಡಿಸುವ ಯೂರಿಯಾ ದ್ರಾವಣದ ಟ್ಯಾಂಕ್ ಬರುತ್ತದೆ, ಜೊತೆಗೆ ಅದರ ಖರ್ಚೂ.

ತೊಡಕು ಬರುವುದು 62.5 ಕೆವಿಎ ಸೆಟ್ಟಿನಲ್ಲಿ. 0.8 ಪವರ್ ಫ್ಯಾಕ್ಟರಿಗೆ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಅದು 50 ಕಿಲೋವ್ಯಾಟ್ ಕರೆಂಟ್. ಕರೆಂಟ್ ಹುಟ್ಟಿಸುವ ಭಾಗವಾದ ಆಲ್ಟರ್ನೇಟರಿನ ದಕ್ಷತೆ ಶೇ 90 ಹಿಡಿದರೆ ಎಂಜಿನ್ 55.6 ಕಿಲೋವ್ಯಾಟ್ ಕೊಡಬೇಕು, ಅಂದರೆ ಗೆರೆಯ ಅಂಚು. ಆದ್ದರಿಂದ ಕೊಟೇಶನ್ನಿನಲ್ಲಿ ಬರೆದ ಕೆವಿಎ ನೋಡಿ ಮುಂಗಡ ಕೊಡಬೇಡಿ. ಎಂಜಿನ್ ಪ್ಲೇಟಿನ ಫೋಟೊ ಮತ್ತು ಟೈಪ್ ಅಪ್ರೂವಲ್ (ಆ ಮಾದರಿ ಹೊಗೆ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ) ಪ್ರಮಾಣಪತ್ರದ ಪ್ರತಿ ತರಿಸಿ, ಎರಡರಲ್ಲೂ ಮಾದರಿ ಹೆಸರು ಮತ್ತು ಕಿಲೋವ್ಯಾಟ್ ಒಂದೇ ಇದೆಯೇ ತಾಳೆ ನೋಡಿ.

ಇದು ಎಷ್ಟು ಬಿಗಿಯಾದ ನಿಯಮ ಎಂಬುದಕ್ಕೆ ಹಡಗಿನ ಎಂಜಿನ್ನಿನ ಪಕ್ಕ ಇಟ್ಟು ನೋಡಿ. ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಆರನೇ ಅನುಬಂಧದಲ್ಲಿ ಸಾರಜನಕದ ಆಕ್ಸೈಡಿನ ಮಿತಿ ಎಂಜಿನ್ನಿನ ವೇಗದ ಮೇಲೆ ನಿಲ್ಲುತ್ತದೆ. ನಮ್ಮ ಜನರೇಟರಿನಂತೆ 1500 ಆರ್‌ಪಿಎಂನಲ್ಲಿ ಓಡುವ ಹಡಗಿನ ಎಂಜಿನ್ನಿಗೆ ಎರಡನೇ ಹಂತದ ಮಿತಿ ಸುಮಾರು 8.2 ಗ್ರಾಂ, ನಿಯಂತ್ರಿತ ಸಮುದ್ರ ವಲಯಗಳ ಮೂರನೇ ಹಂತದ್ದು ಸುಮಾರು 2.1. ಸೇಡಂ ರಸ್ತೆಯ 125 ಕೆವಿಎ ಹೊಸ ಸೆಟ್ಟಿಗೆ 0.40! ಗಂಧಕದಲ್ಲಿ ಅಂತರ ಇನ್ನೂ ದೊಡ್ಡದು. 2020ರಿಂದ ಹಡಗಿನ ಇಂಧನದಲ್ಲಿ ಶೇ 0.50ರವರೆಗೆ ಗಂಧಕ ಇರಬಹುದು, ಅಂದರೆ 5000 ಪಿಪಿಎಂ (ಹತ್ತು ಲಕ್ಷದಲ್ಲಿ 5000 ಪಾಲು). ನಮ್ಮ ಬಂಕಿನ ಬಿಎಸ್ 6 ಡೀಸೆಲ್‌ನಲ್ಲಿ ಹೆಚ್ಚೆಂದರೆ 10 ಪಿಪಿಎಂ. ಹೊಸ ಸೆಟ್ಟಿನ ಹೊಗೆ ಶುದ್ಧಿ ಭಾಗಗಳು ಆ 10 ಪಿಪಿಎಂ ನಂಬಿಯೇ ನಿಂತಿವೆ. ಅಗ್ಗಕ್ಕೆ ಸಿಕ್ಕ ಬ್ಯಾರೆಲ್ ಎಣ್ಣೆ, ಸೀಮೆಎಣ್ಣೆ ಬೆರಕೆ ಒಳಗೆ ಹೋದರೆ ಕೆಡುವುದು ಸೆಟ್ಟಿನ ಅತಿ ದುಬಾರಿ ಭಾಗ.

ಈ ಗ್ರಾಂ ಲೆಕ್ಕದ ಪರೀಕ್ಷೆ ನಿಮ್ಮ ಮಿಲ್ಲಿನಲ್ಲಿ ನಡೆಯುವುದಿಲ್ಲ. ತಯಾರಕರು ಪ್ರಯೋಗಾಲಯದಲ್ಲಿ ಶೇ 100, 75, 50, 25, 10 ಲೋಡಿನ ಐದು ಹಂತಗಳಲ್ಲಿ ಎಂಜಿನ್ ಓಡಿಸಿ ಪ್ರಮಾಣಪತ್ರ ಪಡೆದಿರುತ್ತಾರೆ. ಎಂಜಿನ್ ಆ ಪ್ರಮಾಣಪತ್ರದ ಸ್ಥಿತಿಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ಮಾಲೀಕರ ಕೆಲಸ. ಕೆಡುವುದೆಲ್ಲ ಕೊಳವೆ, ಲೋಡು, ಯೂರಿಯಾ, ಹೊಟ್ಟು ಈ ನಾಲ್ಕರಲ್ಲೇ.

ಹೊಗೆ ಕೊಳವೆ

ಎತ್ತರದ ಸೂತ್ರ ಸರಳ: ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ, ಜನರೇಟರ್ ಇರುವ ಕಟ್ಟಡದ ಎತ್ತರಕ್ಕೆ ಮೀಟರಿನಲ್ಲಿ ಕೂಡಿಸಿ. 125ರ ವರ್ಗಮೂಲ 11.18, ಅದರಿಂದ 2.24 ಮೀಟರ್. ಶೆಡ್ 6 ಮೀಟರ್ ಇದ್ದರೆ ಕೊಳವೆಯ ತುದಿ ನೆಲದಿಂದ 8.24 ಮೀಟರ್ ಮೇಲಿರಬೇಕು.

ಎತ್ತರ ಸಿಕ್ಕಿತೆಂದು ಸಿಕ್ಕ ಕೊಳವೆ ಬೆಸೆದುಬಿಟ್ಟರೆ ಹೊಗೆಗೆ ತಡೆ ಹೆಚ್ಚಿ ಎಂಜಿನ್ ಉಸಿರುಗಟ್ಟುತ್ತದೆ. ಒಂದೇ ಪ್ರಮಾಣದ ಹೊಗೆಗೆ ತಡೆಯು ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ, ವ್ಯಾಸ ಹೆಚ್ಚಿದರೆ ತಡೆ ಬೇಗ ಇಳಿಯುತ್ತದೆ. 4 ಇಂಚಿನ ಬದಲು 5 ಇಂಚಿನ ಕೊಳವೆ ಹಾಕಿದರೆ ತಡೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 90 ಡಿಗ್ರಿಯ ಚೂಪು ಮೂಲೆ ಬಿಟ್ಟು ಉದ್ದ ಬೆಂಡ್ ಹಾಕಿಸಿ. ಕೊಳವೆಯ ಭಾರ ಗೋಡೆಯ ಬ್ರಾಕೆಟ್ ಮೇಲಿರಲಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಮೇಲೆ ಬೀಳಬಾರದು. ನಡುವೆ ಬೆಲ್ಲೋಸ್ (ಅದುರು ತಾಳುವ ಬಳುಕುವ ಕೊಳವೆ ತುಂಡು) ಬೇಕೇಬೇಕು. ತುದಿಗೆ ಮಳೆ ಮುಚ್ಚಳ, ಅಡಿಗೆ ನೀರು ಬಿಡುವ ಪ್ಲಗ್. ಕೆಲಸ ಮುಗಿದ ದಿನವೇ ಪೂರ್ತಿ ಲೋಡಿನಲ್ಲಿ ಎಕ್ಸಾಸ್ಟ್ ತಡೆಯನ್ನು ಗೇಜಿನಿಂದ ಅಳೆಸಿ, ಕೈಪಿಡಿಯ ಗರಿಷ್ಠ ಅಂಕಿಯ ಜೊತೆ ಹೋಲಿಸಿ ಬರೆದಿಡಿ.

ದೊಡ್ಡ ಸೆಟ್ಟಿನ ಹುಚ್ಚು

ಮಿಲ್ಲಿನ ದೊಡ್ಡ ಮೋಟರ್ ನೇರ ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕೆಲವು ಸೆಕೆಂಡಿಗಾಗಿ ಎರಡು ಪಟ್ಟು ದೊಡ್ಡ ಜನರೇಟರ್ ಕೊಂಡು, ವರ್ಷವಿಡೀ ಶೇ 20 ಲೋಡಿನಲ್ಲಿ ಓಡಿಸುವುದು ಇಲ್ಲಿ ತೀರಾ ಸಾಮಾನ್ಯ. ಹಳೇ ಸೆಟ್ಟು ಅದನ್ನು ಹೇಗೋ ಸಹಿಸಿಕೊಂಡಿತ್ತು, 4+ ಸಹಿಸುವುದಿಲ್ಲ. ಕಡಿಮೆ ಲೋಡಿನಲ್ಲಿ ಹೊಗೆ ತಣ್ಣಗಿರುತ್ತದೆ. ತಣ್ಣನೆ ಹೊಗೆಗೆ ಯೂರಿಯಾ ಸಿಂಪಡಿಸಿದರೆ ಬಿಳಿ ಹರಳು ಕಟ್ಟುತ್ತದೆ ಎಂದು ಕಂಟ್ರೋಲರ್ ಸಿಂಪಡಣೆಯನ್ನೇ ನಿಲ್ಲಿಸುತ್ತದೆ. ಮಸಿ ಫಿಲ್ಟರ್ ಇದ್ದರೆ ಅದರೊಳಗಿನ ಮಸಿ ಸುಡದೆ ತುಂಬುತ್ತಾ ಹೋಗುತ್ತದೆ.

ದೊಡ್ಡ ಮೋಟರಿಗೆ ಸಾಫ್ಟ್ ಸ್ಟಾರ್ಟರ್ ಅಥವಾ ವಿಎಫ್‌ಡಿ (ಮೋಟರನ್ನು ನಿಧಾನವಾಗಿ ವೇಗಕ್ಕೆ ತರುವ ಸಾಧನಗಳು) ಹಾಕಿಸಿ, ಅದನ್ನೇ ಮೊದಲು ಸ್ಟಾರ್ಟ್ ಮಾಡಿ, ಉಳಿದವನ್ನು ಒಂದೊಂದಾಗಿ ಸೇರಿಸಿ. ಆಗ ಚಿಕ್ಕ ಸೆಟ್ಟೇ ಸಾಲುತ್ತದೆ. ಓಡುವ ಲೋಡು ಶೇ 60ರಿಂದ 80 ಇದ್ದರೆ ಒಳ್ಳೆಯದು, 30ಕ್ಕಿಂತ ಕೆಳಗೆ ಬಹಳ ಹೊತ್ತು ಬೇಡ. ವಿದ್ಯುತ್ ಕಂಪನಿ ಜೆಸ್ಕಾಂನ ಕರೆಂಟ್ ಚೆನ್ನಾಗಿರುವ ತಿಂಗಳಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಖಾಲಿ ಓಡಿಸುವ ಅಭ್ಯಾಸ ಬಿಡಿ. ತಿಂಗಳಿಗೊಮ್ಮೆ ಲೋಡು ಕೊಟ್ಟು ಅರ್ಧ ಗಂಟೆ ಓಡಿಸಿ.

ಫಿಲ್ಟರಿನ ಮಸಿ ಸುಡುವಾಗ ಒಳಗಿನ ಬಿಸಿ 550 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಜನರೇಟರ್ ಹಿಂದೆ ತೊಗರಿ ಹೊಟ್ಟಿನ ರಾಶಿ, ಖಾಲಿ ಚೀಲ ಇಡುವವರು ಇದನ್ನು ಎರಡು ಸಲ ಓದಬೇಕು.

ಯೂರಿಯಾ ದ್ರಾವಣ

ಟ್ಯಾಂಕಿಗೆ ಹಾಕುವುದು ಡಿಇಎಫ್, ಆಡ್‌ಬ್ಲೂ ಹೆಸರಿನಲ್ಲೂ ಸಿಗುತ್ತದೆ. ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಡಬ್ಬಿ ಮೇಲೆ ಐಎಸ್‌ಒ 22241 ಇರಬೇಕು. ಹೊಲಕ್ಕೆ ತಂದ ಯೂರಿಯಾ ಚೀಲ ಬಿಚ್ಚಿ ಬಾವಿ ನೀರಿನಲ್ಲಿ ಕರಗಿಸಿ ಸುರಿದರೆ ಬಯುರೆಟ್ (ಯೂರಿಯಾದಲ್ಲಿರುವ ಕಶ್ಮಲ), ಸುಣ್ಣದಂಶ, ಲೋಹದಂಶಗಳು ನಾಜಲ್ ಕಟ್ಟಿಸಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟ್ ಕೊಲ್ಲುತ್ತವೆ.

ನಮ್ಮ ಬಿಸಿಲಿಗೆ ಇನ್ನೊಂದು ಎಚ್ಚರಿಕೆ. 25 ಡಿಗ್ರಿಯಲ್ಲಿಟ್ಟರೆ ದ್ರಾವಣ 18 ತಿಂಗಳು, 30ರಲ್ಲಿ 12, 35ರಲ್ಲಿ 6 ತಿಂಗಳು ಬಾಳುತ್ತದೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ಕಾಣುವ ಊರಿನಲ್ಲಿ ತಗಡಿನ ಶೆಡ್ಡಿನಲ್ಲಿ ಡಬ್ಬಿ ಪೇರಿಸಿಡುವುದು ದುಡ್ಡು ಸುಟ್ಟಂತೆ. ಸುಗ್ಗಿಗೆ ಬೇಕಾದಷ್ಟೇ ತನ್ನಿ, ಪರಸಿ ಕಲ್ಲಿನ ಮಾಳಿಗೆಯಿರುವ ತಂಪು ಕೋಣೆಯಲ್ಲಿಡಿ. 100 ಲೀಟರ್ ಡೀಸೆಲ್‌ಗೆ ಅಂದಾಜು 3ರಿಂದ 6 ಲೀಟರ್ ಖರ್ಚಾಗುತ್ತದೆ. ಡೀಸೆಲ್ ಇಳಿದು ಯೂರಿಯಾ ಇಳಿಯದಿದ್ದರೆ ಉಳಿತಾಯವೆಂದು ಖುಷಿ ಪಡಬೇಡಿ. ಲೋಡು ಸಾಲುತ್ತಿಲ್ಲ, ಇಲ್ಲವೇ ನಾಜಲ್ ಕಟ್ಟಿದೆ. ಸೆನ್ಸರಿಗೆ ಸುಳ್ಳು ಹೇಳುವ ಪೆಟ್ಟಿಗೆ ಹಾಕಿಸಿದರೆ ಪ್ರಮಾಣಪತ್ರದ ಬೆಲೆ ಅಲ್ಲಿಗೇ ಮುಗಿಯಿತು.

ಹೊಟ್ಟು ಮತ್ತು ಹೊಗೆಯ ಬಣ್ಣ

ಕಪ್ಪು ಹೊಗೆಗೆ ಮಿಲ್ಲಿನಲ್ಲಿ ಮೊದಲ ಅನುಮಾನ ಏರ್ ಫಿಲ್ಟರ್ ಮೇಲೆ. ಸೂಚಕ ಕೆಂಪಾದರೆ ಬದಲಾಯಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಕಾಗದ ಹರಿದು ದೂಳು ನೇರ ಸಿಲಿಂಡರಿಗೆ ಇಳಿಯುತ್ತದೆ. ಸೆಟ್ಟನ್ನು ಹೊಟ್ಟು ಉಗುಳುವ ಸೈಕ್ಲೋನಿನಿಂದ (ಗಾಳಿಯಿಂದ ಹೊಟ್ಟು ಬೇರ್ಪಡಿಸುವ ಯಂತ್ರ) ದೂರವಿಡಿ. ರೇಡಿಯೇಟರ್ ರೆಕ್ಕೆಗಳಲ್ಲಿ ಹೊಟ್ಟು ಕೂತರೆ ಟರ್ಬೋ ಗಾಳಿ ತಣಿಯದೆ ಸಾರಜನಕದ ಆಕ್ಸೈಡ್ ಏರುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಗಾಳಿ ಒಳಹೋಗುವ ದಿಕ್ಕಿಗೆ ಎದುರಿನಿಂದ ಊದಿ ತೆಗೆಯಿರಿ.

ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವ ಗುರುತು. ಬಿಳಿ ಹೊಗೆ ಚಳಿಗಾಲದ ಬೆಳಗ್ಗೆ ಒಂದೆರಡು ನಿಮಿಷ ಸಹಜ. ಬಿಸಿಯಾದ ಮೇಲೂ ಬಂದರೆ ಇಂಜೆಕ್ಟರ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ನೋಡಿಸಿ. ಮಸಿ ಫಿಲ್ಟರ್ ಇರುವ ಹೊಸ ಸೆಟ್ಟಿನಲ್ಲಿ ಕಪ್ಪು ಹೊಗೆ ಕಾಣಲೇಬಾರದು. ಕಂಡರೆ ಫಿಲ್ಟರ್ ಒಡೆದಿದೆ, ಅಥವಾ ಯಾರೋ ಬಿಚ್ಚಿದ್ದಾರೆ.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಬರೆದ ಕೆವಿಎ, ಕೊಳವೆ ಎತ್ತರ ಸ್ಥಳದಲ್ಲಿರುವುದಕ್ಕೆ ಸರಿಹೊಂದಬೇಕು. ಸೆಟ್ಟು ಬದಲಿಸಿದಾಗ ಪತ್ರವನ್ನೂ ತಿದ್ದಿಸಿ. ತಪಾಸಣೆಗೆ ಬಂದವರಿಗೆ ತೋರಿಸಲು ಟೈಪ್ ಅಪ್ರೂವಲ್ ಪ್ರತಿ, ಗಂಟೆ ಮೀಟರ್ ಲಾಗ್, ಡೀಸೆಲ್ ಮತ್ತು ಯೂರಿಯಾ ಬಿಲ್ಲು, ಸರ್ವಿಸ್ ಚೀಟಿ ಒಂದೇ ಫೈಲಿನಲ್ಲಿರಲಿ. ಫೈಲು ಜನರೇಟರ್ ಕೋಣೆಯಲ್ಲಿ ಬೇಡ, ಎಣ್ಣೆ ಕೈ ತಾಗಿ ಆರು ತಿಂಗಳಲ್ಲಿ ಓದಲಾಗದಂತಾಗುತ್ತದೆ.